ಕಾರವಾರದ ದಂಡೆಯಲ್ಲಿ ಗಾಳಿ ಕಾದದ್ದು

ಕಡಲ ಗಾಳಿ ಸದಾ ಶುದ್ಧ ಎಂದು ಮನೆಯಲ್ಲಿ ವಾದ ಗೆದ್ದು, ಉಬ್ಬಸವಿದ್ದ ಅತ್ತಿಯನ್ನು ಕನ್ನೊಳ್ಳಿಯಿಂದ ಕಾರವಾರಕ್ಕೆ ಕರೆತಂದವಳು ನಾನು. ಬೆಳಿಗ್ಗೆ ದಂಡೆಯ ಚಹಾದಂಗಡಿಯಲ್ಲಿ ಕುಳಿತರೆ ಊರಿನ ಕಸ ಸುಟ್ಟ ಹೊಗೆಯೆಲ್ಲ ನಮ್ಮ ಮೇಲೆಯೇ. ಅತ್ತಿಗೆ ಕೆಮ್ಮು ಹತ್ತಿತು.

“ಊರಾಗಿನ ರೂಮಿಗೆ ಹೋಗೂಣು ನಡಿ ಅತ್ತಿ.”

“ಹತ್ತು ಗಂಟೆ ದಾಟಲಿ. ನೆಲ ಕಾದರೆ ಗಾಳಿ ಕಡಲಿನಿಂದ ಬರ್ತದೆ,” ಎಂದಳು ಅಂಗಡಿಯಾಕೆ.

“ಏನು ಗ್ಯಾರಂಟಿ?” ಎಂದೆ.

“ಕಣದಾಗ ಜೋಳ ತೂರಾಕ ಗಾಳಿ ಕಾಯಂಗಿಲ್ಲೇನು? ಸುಮ್ಮ ಕುಂಡ್ರು,” ಎಂದ ಅತ್ತಿ, ಹೊಟ್ಟು ಬಿಟ್ಟು ಗಾಳಿ ನೋಡುವಂತೆ ಆಗಾಗ ಹಿಡಿ ಮರಳು ಸುರಿಯುತ್ತಿದ್ದಳು. ಅದು ಕಡಲ ಕಡೆಗೇ ಹಾರುತ್ತಿತ್ತು. ಮೂರನೇ ಚಹಾದ ಹೊತ್ತಿಗೆ ಊರ ಕಡೆ ತಿರುಗಿತು. ಅದರ ಹಿಂದೆ ಹೊಗೆಯೂ. ಅತ್ತಿಯ ಉಸಿರು ಹಗುರಾಯಿತು.

“ಆ ಹೊಗಿ ಈಗ ನಿನ್ನ ರೂಮಿಗೇ ಹೊಂಟೈತಿ ನೋಡು. ಇನ್ನೊಂದು ಚಾ ಹೇಳು.”