ತುಟ್ಟಿ ಆತು ಅಂದಿದ್ದಕ್ಕೆ

ಬಾಡಿಗೆ ಮನೆ ನೋಡಲು ಹೊರಟವರು ಚೀಲದಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡಿರಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಬನಹಟ್ಟಿಯವಳು. ಮಗ್ಗದ ಸೀರೆಗಳ ಗಂಟು ಹೊತ್ತು ಜಮಖಂಡಿ, ಮುಧೋಳ, ಬೀಳಗಿ ಎಂದು ಬಸ್ಸಿನಲ್ಲಿ ತಿರುಗಿ ತಿರುಗಿ ಸ್ವಂತ ಅಂಗಡಿ ಮಾಡಿಕೊಂಡವಳು. ಹೀಗಾಗಿ ನಮ್ಮ ಮಂದಿ ಏನು ಕೊಳ್ಳಲು ಹೊರಟರೂ, ಅದು ಎಮ್ಮೆಯಾಗಲಿ ಮಿಕ್ಸರ್ ಆಗಲಿ, ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಕರೆಯದಿದ್ದರೆ ನಾನೇ ಹೋಗುತ್ತೇನೆ. ಅಣ್ಣನ ಮಗಳಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕು, ಒಂದು ಬೆಡ್‌ರೂಮಿನ ಮನೆ ಹುಡುಕತೊಡಗಿದಾಗ ಅವಳು ಕರೆದಳೋ ನಾನೇ ಹೋದೆನೋ ಈಗ ನೆನಪಿಲ್ಲ.

ಹುಡುಗಿಯ ಪರಿಸ್ಥಿತಿ ಬಿಗಿಯಾಗಿತ್ತು. ಪಿ.ಜಿ.ಯಲ್ಲಿ ಅವಳ ಮಂಚ ಬೇರೊಬ್ಬಳಿಗೆ ಹೋಗಿಯಾಗಿತ್ತು. ಮರುದಿನ ಬೆಳಿಗ್ಗೆ ಖಾಲಿ ಮಾಡಲೇಬೇಕು. ನೋಡಿದ ಮನೆಗಳಲ್ಲಿ ಒಂದರ ಅಡುಗೆಮನೆ ಕಿಟಕಿ ತೆರೆದರೆ ಪಕ್ಕದವರ ಕುಕ್ಕರ್ ನಮ್ಮ ಕಿವಿಯಲ್ಲೇ ಸೀಟಿ ಹೊಡೆಯಿತು. ಇನ್ನೊಂದರಲ್ಲಿ ಮಂಚ ಹಾಕಿದರೆ ಬಾಗಿಲು ಮುಚ್ಚದು, ಬಾಗಿಲು ಮುಚ್ಚಿದರೆ ಮಂಚ ಹೊರಗೆ. ಕೊನೆಗೆ ಉಳಿದದ್ದು ಐದನೇ ಮಹಡಿಯ ಒಂದು ಮನೆ, ಆಸ್ಪತ್ರೆಗೆ ನಡೆದುಹೋಗುವಷ್ಟು ಹತ್ತಿರ.

ಲಿಫ್ಟಿನಲ್ಲಿ ಹುಡುಗಿ ನನ್ನ ಕೈ ಹಿಡಿದಳು. “ಅತ್ತಿ, ಈ ಮನಿ ಕೈ ಬಿಡ್ತಂದ್ರ ನಾಳೆ ನಾ ಟ್ರಂಕ್ ತಗೊಂಡು ಫುಟ್‌ಪಾತ್ ಮ್ಯಾಲ ಕುಂದ್ರಬೇಕಾಗತೈತಿ. ಇವತ್ತೊಂದಿನ ಚೌಕಾಸಿ ಮಾಡಬ್ಯಾಡ ಬೇ.”

“ನಾ ಯಾಕ ಮಾಡ್ಲಿ? ಸುಮ್ಮ ನೋಡ್ತೇನಿ, ಅಷ್ಟ.”

“ನೀ ಸುಮ್ಮ ನೋಡಿದ್ದು ನಾ ಹುಟ್ಟಿದಾಗಿಂದ ಕಂಡಿಲ್ಲ.”

ಮಾಲೀಕರು ವಯಸ್ಸಾದವರು, ಮೈಸೂರು ಕಡೆಯವರು, ಮೆತ್ತಗಿನ ಮಾತು. ಎದುರಿನ ಮನೆಯಲ್ಲೇ ಅವರ ವಾಸ. “ಬನ್ನಿ ಬನ್ನಿ, ಇದು ಹಾಲ್. ಗಾಳಿ, ಬೆಳಕು ತುಂಬಾ ಚೆನ್ನಾಗಿದೆ” ಎಂದರು.

ಸೀರೆ ಮಾರುವವರು ಮೊದಲು ಹಾಸುವುದು ಸೆರಗನ್ನು. ಮನೆಯ ಸೆರಗು ಹಾಲ್. ಅದಕ್ಕೆ ಮರುಳಾಗಬಾರದು; ಉಟ್ಟಾಗ ಒಳಗೆ ಮುಚ್ಚಿಹೋಗುವ ತುದಿಯನ್ನು ಹಿಡಿದು ನೋಡಬೇಕು. ನಾನು ನೇರ ಬಚ್ಚಲಿಗೆ ಹೋದೆ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು, ಧಾರೆ ನೋಡಿ ಮುಚ್ಚಿದೆ. ಒಂದೊಂದೇ ಬಿಟ್ಟರೆ ಯಾವ ನಲ್ಲಿಯೂ ಧಾರಾಳಿಯೇ. ಹೊಸ ಬಣ್ಣದ ಮೂಲೆಗೆ ಅಂಗೈ ಒತ್ತಿ ತೇವದ ಥಂಡಿ ಇದೆಯೇ ನೋಡಿದೆ. ಒಂದೇ ಮೂಲೆಗೆ ಯಾರೂ ಪ್ರೀತಿಯಿಂದ ಬಣ್ಣ ಹಚ್ಚುವುದಿಲ್ಲ. ಕಪಾಟಿನೊಳಗೆ ತಲೆ ಹಾಕಿ ಮೂಸಿದೆ. ಆಮೇಲೆ ಚೀಲದಿಂದ ನಿಂಬೆಹಣ್ಣು ತೆಗೆದು ಬಚ್ಚಲ ನೆಲದ ಮೇಲಿಟ್ಟು ಕೈಬಿಟ್ಟೆ.

ಮಾಲೀಕರು ಹಿಂದೆ ಸರಿದರು. “ಅಮ್ಮಾ, ಇದು ಯಾವ ಪೂಜೆ? ನಾವು ಗೃಹಪ್ರವೇಶದಲ್ಲೇ ಎಲ್ಲಾ ಮಾಡಿಸಿದ್ದೀವಿ.”

“ಪೂಜಾ ಅಲ್ರಿ. ನೀರ ಯಾ ಕಡಿ ಹರಿತಾವ ಅಂತ ನೋಡಾಕತ್ತೇನಿ.”

ನಿಂಬೆಹಣ್ಣು ನೀರು ಹೋಗುವ ಜಾಲರಿಯನ್ನು ತಿರುಗಿಯೂ ನೋಡದೆ, ಬಾಗಿಲು ದಾಟಿ, ಬೆಡ್‌ರೂಮಿಗೆ ಹೋಗಿ, ಕಿಟಕಿಯ ಕೆಳಗೆ ಆರಾಮಾಗಿ ನಿಂತಿತು.

“ನೋಡ್ರಿ, ಜಳಕದ ನೀರೂ ಹಿಂಗ ಬಂದು ಹಾಸಿಗಿ ಮ್ಯಾಲ ಮಲಗತಾವ.”

ಅವರು ಬಹಳ ಹೊತ್ತು ನಿಂಬೆಹಣ್ಣನ್ನೇ ನೋಡಿ, ಬಚ್ಚಲ ಬಾಗಿಲಿಗೆ ಕಲ್ಲಿನ ಪಟ್ಟಿ ಹಾಕಿಸಲು ಒಪ್ಪಿದರು. ಹುಡುಗಿ ನನ್ನತ್ತ ಮೆಚ್ಚಿ ನೋಡಿದಳು. ಆ ನೋಟವೇ ನನ್ನನ್ನು ಕೆಡಿಸಿತು. ಬಾಡಿಗೆ ಎಷ್ಟೆಂದು ಕೇಳಿದೆ. ಹೇಳಿದರು. ನನ್ನ ಬಾಯಿ ತನ್ನಷ್ಟಕ್ಕೆ ತಾನೇ “ಭಾಳ ತುಟ್ಟಿ ಆತ್ರಿ” ಎಂದಿತು. ಕಾಲು, ಹುಡುಗಿಯನ್ನು ಅಲ್ಲೇ ಬಿಟ್ಟು, ತನ್ನಷ್ಟಕ್ಕೆ ತಾನೇ ಹೊರಗೆ ನಡೆಯಿತು.

ಎದ್ದು ಹೋಗುವುದೆಂದರೆ ನಮ್ಮಲ್ಲಿ ಸಿಟ್ಟಲ್ಲ, ಅದೂ ಮಾತುಕತೆಯೇ. ತುಟ್ಟಿ ಎಂದವರು ಹೊರಡಬೇಕು, ಮಾರುವವರು ಕರೆಯಬೇಕು. ಜಮಖಂಡಿಯಲ್ಲಿ ಗಿರಾಕಿ ಚಪ್ಪಲಿ ಮೆಟ್ಟುವುದರೊಳಗೆ ಕರೆಯುತ್ತೇನೆ. ಮುಧೋಳದವರು ಗಟ್ಟಿ, ರಸ್ತೆಯ ತಿರುವಿನವರೆಗೂ ಹೋಗುತ್ತಾರೆ. ಬೀಳಗಿಯಲ್ಲೊಬ್ಬಳು ಬಸ್ಸೇ ಹತ್ತಿಬಿಟ್ಟಿದ್ದಳು. ನಾನೂ ಹತ್ತಿದೆ. ಗಲಗಲಿ ಊರು ಬರುವಷ್ಟರಲ್ಲಿ ವ್ಯಾಪಾರ ಮುಗಿದು ಇಬ್ಬರೂ ಶೇಂಗಾ ತಿನ್ನುತ್ತಿದ್ದೆವು.

ಆದರೆ ಲಿಫ್ಟಿನೆದುರು ನಾನೆಂದೂ ವ್ಯಾಪಾರ ಮಾಡಿದವಳಲ್ಲ. ಮನೆಗೆ ಬೆನ್ನು ಮಾಡಿ ಕರೆಗಾಗಿ ಕಾಯುತ್ತಿದ್ದಾಗಲೇ ಲಿಫ್ಟಿನ ಬಾಗಿಲು ತೆರೆಯಿತು. ಒಳಗಿದ್ದವರು ನನಗಾಗಿ ಬಟನ್ ಒತ್ತಿ ಹಿಡಿದು ನಿಂತರು. ಹತ್ತದಿದ್ದರೆ ಮರ್ಯಾದೆಯಲ್ಲ. ಹತ್ತಿದೆ. ನೆಲ ಮುಟ್ಟಿದೆ.

ಗೇಟಿನ ಹತ್ತಿರ ನಿಂತು ಮೇಲೆ ನೋಡುತ್ತಿದ್ದಾಗ ವಾಚ್‌ಮನ್ ಬಂದ. “ಏನಮ್ಮಾ, ಏನಾದ್ರೂ ಬಿಟ್ಟು ಬಂದ್ರಾ?”

“ಮನಿ ಬಿಟ್ಟು ಬಂದೇನಪಾ.”

“ಅಯ್ಯೋ, ಮನಿನಾ? ಎಷ್ಟು ದುಡ್ಡಮ್ಮಾ?”

“ದುಡ್ಡಲ್ಲೋ, ಒಂದು ಬೆಡ್‌ರೂಮು!”

ಅಷ್ಟರಲ್ಲಿ ಗಂಡ ಹೆಂಡತಿ ಬಂದು, ಐದನೇ ಮಹಡಿಯ ಬಾಡಿಗೆ ಮನೆ ಯಾವುದೆಂದು ಅವನನ್ನು ಕೇಳಿ ಲಿಫ್ಟ್ ಹತ್ತಿಬಿಟ್ಟರು. ಹುಡುಗಿಯ ಟ್ರಂಕು ಫುಟ್‌ಪಾತಿನಲ್ಲಿ ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿತು. ಮೆಟ್ಟಿಲು ಹತ್ತಿದೆ. ಮೂರನೇ ಮಹಡಿಯಲ್ಲಿ ನಾನು ಮರ್ಯಾದೆ ಬಿಟ್ಟೆ, ನಾಲ್ಕನೆಯದರಲ್ಲಿ ಉಸಿರು ನನ್ನನ್ನು ಬಿಟ್ಟಿತು. ಐದನೆಯದಕ್ಕೆ ಬಂದಾಗ ಆ ಗಂಡ ಹೆಂಡತಿ ಸಪ್ಪೆ ಮುಖದಿಂದ ಹಿಂತಿರುಗುತ್ತಿದ್ದರು. ಮಾಲೀಕರು ಒಂದು ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ಬನ್ನಿ ಅಮ್ಮಾ, ಕೂತ್ಕೊಳ್ಳಿ. ಈಗ ತುಟಿ ಹೇಗಿದೆ?”

“ತುಟಿ?”

“ತುಟಿಗೆ ಏನೋ ಆಯ್ತು ಅಂತ ಹೊರಟೇಬಿಟ್ರಲ್ಲ! ನೀರು ಬದಲಾದ್ರೆ ಒಡೆಯುತ್ತೆ. ಕರೆಯೋಣ ಅಂತಿದ್ದೆ, ‘ಮೆಡಿಕಲ್ ಶಾಪಿಗೆ ಹೋಗಿದಾರೆ, ಬರ್ತಾರೆ’ ಅಂದ್ಲು ಈ ಮಗು. ನೀವು ಔಷಧಿಗೆ ಹೋದಾಗ ಮನೆ ಬೇರೆಯವರಿಗೆ ಕೊಡೋಕಾಗುತ್ತಾ? ಬಂದವರನ್ನ ಕಳಿಸಿಬಿಟ್ಟೆ.”

ಆಗ ಹೊಳೆಯಿತು. ನಾವು ದುಬಾರಿಗೆ ತುಟ್ಟಿ ಎನ್ನುತ್ತೇವೆ. ಮೈಸೂರು ಕಡೆಯ ಈ ಕಿವಿಗೆ ಅದು ತುಟಿಯಾಗಿ ಕೇಳಿಸಿತ್ತು. ಹುಡುಗಿ ನಗು ನುಂಗಿಕೊಂಡು ಗೋಡೆಗೆ ಒರಗಿದ್ದಳು. “ಹೂಂ ಅಂಕಲ್, ರೇಟ್ ಕೇಳಿದಾಗಲೆಲ್ಲ ನಮ್ಮತ್ತೆಗೆ ಹೀಗೇ ಆಗುತ್ತೆ.”

“ಪಾಪ! ಹಚ್ಕೊಳ್ಳಿ, ಮನೇಲಿ ಕಾಸಿದ ತುಪ್ಪ.”

ಮೂಗಿಗೆ ತುಪ್ಪ ಸವರುವವರನ್ನು ವ್ಯಾಪಾರದಲ್ಲಿ ಬೇಕಾದಷ್ಟು ಕಂಡಿದ್ದೇನೆ. ತುಟಿಗೆ ಸವರಿಕೊಂಡದ್ದು ಅದೇ ಮೊದಲು. “ಮತ್ತೆ ಬಾಡಿಗೆ ವಿಷಯ...” ಎಂದರು ಅವರು. ತುಪ್ಪ ಹಚ್ಚಿದ ತುಟಿಯಿಂದ ತುಟ್ಟಿ ಅನ್ನುವುದು ಹೇಗೆ? “ಛಲೋ ಐತ್ರಿ” ಎಂದೆ.

ಆದ್ದರಿಂದ ನಿಮಗೆ ಹೇಳುತ್ತೇನೆ: ಬೆಂಗಳೂರಿನಲ್ಲಿ ‘ಜಾಸ್ತಿ ಆಯ್ತು’ ಅನ್ನಿ, ಮತ್ತು ಲಿಫ್ಟಿನಿಂದ ದೂರ ನಿಂತು ಅನ್ನಿ. ಸಂಜೆಗೆ ಟ್ರಂಕು ಮೇಲೆ ಬಂತು. ಹುಡುಗಿ ಕಿಟಕಿಯ ಕೆಳಗಿನ ನಿಂಬೆಹಣ್ಣನ್ನು ತೊಳೆದು ತಂದು, ಟ್ರಂಕಿನ ಮೇಲೆ ಕುಳಿತು ಹಿಂಡಿ, ಮಾಲೀಕರ ಮನೆಯ ಸಕ್ಕರೆ ಹಾಕಿ ಶರಬತ್ತು ಮಾಡಿಕೊಟ್ಟಳು. ಲೋಟ ಎತ್ತಿದೆ, ತುಪ್ಪದ ತುಟಿ ಇನ್ನೂ ಜಾರುತ್ತಿತ್ತು.