ಹಲ್ಲಿಯಾದ ಹಳ್ಳಿ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಎಂದರೆ ತೀರಾ ಚಿಕ್ಕವಳೇನಲ್ಲ, ಒಂಬತ್ತನೇ ಕ್ಲಾಸು. ಎರಡು ಜಡೆ, ನೀಲಿ ಲಂಗ. ಆ ವರ್ಷ ಕನ್ನಡ ಮಾಷ್ಟ್ರು ನಮಗೆ ಒಂದು ಹಳೆಯ ದೊಡ್ಡ ಕಾದಂಬರಿಯನ್ನು ಓದಿಸಿದರು. ಇಬ್ಬರಿಗೆ ಒಂದೇ ಪುಸ್ತಕ. ಇಬ್ಬರೂ ಎದ್ದು ನಿಲ್ಲಬೇಕು, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಪುಸ್ತಕಕ್ಕೆ ನುಸಿಗುಳಿಗೆಯ ವಾಸನೆ. ಹಾಳೆಗಳು ಹಪ್ಪಳದ ಹಾಗೆ, ಮಡಚಿದರೆ ಮುರಿಯುತ್ತಿದ್ದವು.

ನನಗೆ ಜೊತೆಯಾದವಳು ಕುಂಬ್ರದ ಕಡೆಯಿಂದ ನಡೆದು ಬರುತ್ತಿದ್ದ ಬ್ಯಾರಿ ಮುಸ್ಲಿಮರ ಹುಡುಗಿ. ಅವಳ ಮನೆಯಲ್ಲಿ ಅವಳನ್ನು ‘ಮೋಲು’, ಅಂದರೆ ಮಗಳು, ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಕಥೆಯಲ್ಲಿ ಯಾರು ಯಾಕೆ ಮುನಿಸಿಕೊಂಡರು, ಯಾರು ಹೇಳದೆ ನುಂಗಿಕೊಂಡರು ಎಂಬುದೆಲ್ಲ ಅವಳಿಗೆ ಪಕ್ಕದ ಮನೆಯ ಸುದ್ದಿಯಷ್ಟು ಸಲೀಸು. ಆದರೆ ಅವರ ಮನೆಮಾತಿನಲ್ಲಿ ಳಕಾರ ಇಲ್ಲ. ಅವಳ ಬಾಯಲ್ಲಿ ಮಳೆ ‘ಮಲೆ’, ಬಾಳೆ ‘ಬಾಲೆ’. ನಮ್ಮ ಮನೆಯಲ್ಲಿ ತುಳು. ಅಪ್ಪ ಮಾತ್ರ ದಿನಾ ಸಂಜೆ ಕನ್ನಡ ಪೇಪರು ಓದಿಸಿ ನನ್ನ ನಾಲಗೆ ತಿದ್ದಿದ್ದರು. ಹಾಗಾಗಿ ಓದುವುದು ನಾನು, ಅರ್ಥ ಹೇಳುವುದು ಅವಳು ಎಂದಾಗಿತ್ತು.

ಕೊನೆಯ ಅಧ್ಯಾಯದಲ್ಲಿ ನೆರೆಗೆ ಎಲ್ಲವನ್ನೂ ಕಳೆದುಕೊಂಡ ಹೆಂಗಸೊಬ್ಬಳು ತನ್ನ ಹಳ್ಳಿ ಬಿಟ್ಟು ಹೊರಡುತ್ತಾಳೆ. ಅದನ್ನು ಓದಿ ಮೋಲು ಅತ್ತಿದ್ದಳು. “ಇದನ್ನು ಕ್ಲಾಸಲ್ಲಿ ನಾನು ಓದುದು. ಒಂದು ಸಲ. ನೀನು ಕಲಿಸ್ತಿಯಾ?” ಎಂದು ಕೇಳಿದಳು.

ಎಂಟು ದಿನ ಮಧ್ಯಾಹ್ನ ಶಾಲೆಯ ಹಿಂದಿನ ಗೇರುಮರದಡಿ ಕೂತೆವು. ನೆಲಕ್ಕೆ ಬಿದ್ದು ಹುಳಿಯಾದ ಗೇರುಹಣ್ಣಿನ ಘಾಟು, ಅದರ ಮೇಲೆ ನೊಣ. ಅವಳ ಬುತ್ತಿಯ ಅಕ್ಕಿ ಪತ್ತಿರ್ ರೊಟ್ಟಿ ನನಗೆ, ನನ್ನ ಬುತ್ತಿಯ ಮಾವಿನ ಉಪ್ಪಿನಕಾಯಿ ಅವಳಿಗೆ.

“ನಾಲಗೆ ಮೇಲಕ್ಕೆ ಮಡಚು ಮಾರಾಯ್ತಿ.”

“ಮಡಚಿ ಮಡಚಿ ನಾಲೆ ಊಟಕ್ಕೆ ಬಿಚ್ಚುದೇ ಇಲ್ಲ ಇದು, ನೋಡು!”

ಪುಸ್ತಕದಲ್ಲಿ ಳ ಇದ್ದಲ್ಲೆಲ್ಲ ಪೆನ್ಸಿಲಿನಿಂದ ಚುಕ್ಕೆ ಇಟ್ಟೆ. ಹೆದರಿಕೆಯಲ್ಲಿ ಚುಕ್ಕೆ ಕಾಣದಿದ್ದರೆ ಎಂದು ಇನ್ನೊಂದು ಉಪಾಯ ಮಾಡಿದೆವು. ಅವಳು ಓದುವಾಗ ನಾನು ಸಾಲಿನ ಕೆಳಗೆ ಬೆರಳು ಸರಿಸುತ್ತಾ ಹೋಗಬೇಕು, ಚುಕ್ಕೆ ಬಂದಲ್ಲಿ ಒತ್ತಬೇಕು.

ಕೊನೆಯ ಅಧ್ಯಾಯ ಬಂದ ದಿನ ಕ್ಲಾಸಿನಲ್ಲಿ ಮೋಲು ಓದಿದಳು. ಒಂದು ಪುಟ, ಎರಡು ಪುಟ, ಒಂದು ಳಕಾರವೂ ತಪ್ಪಲಿಲ್ಲ. ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾಗಿದ್ದರು. ಮಾಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, “ಭಾರೀ ಲಾಯ್ಕ ಓದ್ತಿ ಮಾರಾಯ್ತಿ. ಇಷ್ಟು ದಿನ ಎಂತ ಅಡಗಿಸಿ ಇಟ್ಟದ್ದು?” ಎಂದರು. ನನಗೆ ಒಂದು ದಿನವೂ ಅವರು ಹಾಗೆ ಹೇಳಿರಲಿಲ್ಲ. ನಾನು ಬೆರಳು ತೆಗೆದೆ.

ಅವಳು ಒಮ್ಮೆ ನನ್ನ ಕಡೆ ನೋಡಿ ಮುಂದಿನ ಸಾಲು ಓದಿದಳು: “ಅವಳು ಹಲ್ಲಿ ಬಿಟ್ಟಳು.”

“ಹಲ್ಲಿ ಬಿಡುದು ಬಾಲ ಅಲ್ವಾ ಮಾರಾಯ?” ಎಂದ ಹಿಂದಿನ ಬೆಂಚಿನವನೊಬ್ಬ. ಇನ್ನೊಬ್ಬ ಲೊಚ್ ಲೊಚ್ ಎಂದು ಲೊಚಗುಟ್ಟಿದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಮೋಲು ಅಳಲಿಲ್ಲ. ಪುಸ್ತಕವನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟಳು. ಉಳಿದದ್ದನ್ನು ನಾನು ಒಂದು ತಪ್ಪೂ ಇಲ್ಲದೆ ಓದಿದೆ. ಆಗ ಮಾಷ್ಟ್ರು ಕೇಳಿದರು, “ಹೊರಟವಳು ಒಮ್ಮೆಯಾದರೂ ಹಿಂದೆ ತಿರುಗಿ ನೋಡಲಿಲ್ಲ, ಯಾಕೆ?” ಅವತ್ತು ಅರ್ಥ ಹೇಳುವ ಸರದಿ ನನ್ನದು, ನನಗೆ ಗೊತ್ತಿರಲಿಲ್ಲ. ಪಕ್ಕದಿಂದ ಮೋಲು ನನಗಷ್ಟೇ ಕೇಳುವ ಹಾಗೆ ಹೇಳಿದಳು: “ನೋಡಿದ್ರೆ ಮತ್ತೆ ಹೋಗ್ಲಿಕ್ಕೆ ಆಗುದಿಲ್ಲ.” ಅದನ್ನೇ ನಾನು ಗಟ್ಟಿಯಾಗಿ ಹೇಳಿದೆ. ಮಾಷ್ಟ್ರು ಶಭಾಸ್ ಎಂದರು. ಹೇಳಿಕೊಟ್ಟವಳು ಇವಳು ಎನ್ನಲು ನನಗೆ ಬಾಯಿ ಬರಲಿಲ್ಲ.

ಸಂಜೆ ದಾರಿಯಲ್ಲಿ, “ಬೆರಳು ಜಾರಿತು” ಎಂದೆ. ಅವಳು “ಹೌದಾ” ಎಂದಳು. ಸ್ವಲ್ಪ ದೂರ ನಡೆದ ಮೇಲೆ, “ಇನ್ನು ನೀನೇ ಓದು. ಅರ್ಥ ನಾನು ನಿಂಗೆ ಹೇಲ್ತೇನೆ, ನೀನೇ ಹೇಲು” ಎಂದಳು. ಹತ್ತನೇ ಕ್ಲಾಸು ಮುಗಿಯುವವರೆಗೂ ಅವಳು ಮತ್ತೆ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಲಿಲ್ಲ.

ಆಗ ನಾವು ‘ತಪ್ಪಾಯ್ತು’ ಎನ್ನುತ್ತಿದ್ದದ್ದು ದೇವರ ಎದುರು, ದೊಡ್ಡವರ ಎದುರು. ಗೆಳತಿಗೆ ಹಾಗೆ ಹೇಳುವ ರೂಢಿಯೇ ಇರಲಿಲ್ಲ. ಜಗಳವಾದರೆ ಮರುದಿನ ಒಂದು ನೆಲ್ಲಿಕಾಯಿ ಕೊಟ್ಟರೆ ಮುಗಿಯಿತು. ಇದು ನೆಲ್ಲಿಕಾಯಿಯಲ್ಲಿ ಮುಗಿಯುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೋದ ತಿಂಗಳು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೋಲು ಸಿಕ್ಕಿದಳು. ಅವಳಿಗೂ ಈಗ ಮೊಮ್ಮಕ್ಕಳು. ಕೈಹಿಡಿದು ನಿಂತಿದ್ದ ಪುಟ್ಟ ಹುಡುಗಿಗೆ ನನ್ನನ್ನು ತೋರಿಸಿ, “ಇವಲು ಕ್ಲಾಸಲ್ಲಿ ಎಷ್ಟು ಚಂದ ಓದ್ತಿದ್ದಲು ಗೊತ್ತುಂಟಾ?” ಎಂದಳು. ಕುಹಕವಿರಲಿಲ್ಲ, ನಿಜವಾಗಿಯೇ ಹೇಳಿದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ನಂಬರು ಕೊಟ್ಟು ಹೋದಳು.

ನಿಮಗೆ ಈಗ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಜಗಳವಾಡಿದರೆ ಐದು ನಿಮಿಷದಲ್ಲಿ ಕೈಮುಗಿಯುವ ಚಿತ್ರ ಹಾಕಿ ‘ಸಾರಿ’ ಕಳಿಸುತ್ತೀರಿ. ಇಷ್ಟು ಅಗ್ಗವಾಯಿತೇ ಎಂದು ನಾನು ತಮಾಷೆ ಮಾಡುತ್ತಿದ್ದೆ, ಈಗ ಮಾಡುವುದಿಲ್ಲ. ಮೊನ್ನೆ ಫೋನಿನಲ್ಲಿ ಕನ್ನಡ ಬರೆಯುವುದು ಹೇಗೆ ಎಂದು ನಿಮ್ಮ ಹತ್ತಿರ ಕೇಳಿದೆನಲ್ಲ? ‘ಯಾರಿಗೆ ಅಜ್ಜಿ?’ ಎಂದಿರಿ, ನಾನು ಹೇಳಲಿಲ್ಲ. ಬರೆದಾಗಿದೆ. ಇನ್ನೂ ಕಳಿಸಿಲ್ಲ.