ಮಂಗಳಮ್ಮನ ಹೆಸರಿನ ಕಾರ್ಡು

"ನೋಡು ಮೋಳೇ, ನಾನು ವಿಮಾನ ಹತ್ತುವವಳಲ್ಲ. ಕಾರೂ ಇಲ್ಲ, ಪೆಟ್ರೋಲಿನ ರಿಯಾಯಿತಿ ತಗೊಂಡು ಏನು ಮಾಡಲಿ? ಮಧ್ಯಾಹ್ನ ಫೋನಿನಲ್ಲಿ ಕನ್ನಡ ಧಾರಾವಾಹಿ ನೋಡ್ತಿದ್ದೆ. ಈ ಊರಲ್ಲಿ ನನ್ನ ಕಿವಿಗೆ ನಾಲ್ಕು ಮಾತು ಕನ್ನಡ ಬೀಳೋದು ಅಲ್ಲೇ. ಅದರ ಚಂದಾ ಕಟ್ಟಿದರೆ ಒಂದಿಷ್ಟು ವಾಪಸ್ ಬರೋ ಕ್ರೆಡಿಟ್ ಕಾರ್ಡ್ ಯಾವುದೋ ಅದನ್ನ ಕೊಡು. ಯಜಮಾನರ ಕಾರ್ಡಿಗೆ ಅಂಟಿಸಿದ್ದು ಬೇಡ, ನನ್ನ ಹೆಸರಲ್ಲೇ ಇರಲಿ."

ಉಳ್ಳೂರಿನ ಬ್ಯಾಂಕಿನಲ್ಲಿ ಮಂಗಳಮ್ಮ ಅಲ್ಲಿನ ಹುಡುಗಿಯನ್ನು ಮಗಳೇ ಅಂತ ಕರೆದು, ತನಗೆ ಬರುವ ಮಲಯಾಳದಲ್ಲಿ ಇಷ್ಟು ಹೇಳುವಾಗ, ಜೊತೆಗೆ ಬಂದಿದ್ದ ಗಂಡ ಶ್ರೀಕಂಠಯ್ಯ ಕಸಿವಿಸಿಗೊಂಡರು. "ಕನ್ನಡ ಯಾರು ನೋಡ್ತಾರೆ?" ಅಂತ ಹೋದ ತಿಂಗಳು ಆ ಚಂದಾ ನಿಲ್ಲಿಸಿದ್ದವರು ಅವರೇ. ಮೊಮ್ಮಕ್ಕಳ ಇಂಗ್ಲಿಷ್ ಸಿನಿಮಾಗಳ ಚಂದಾ ಮಾತ್ರ ಮುಟ್ಟಿರಲಿಲ್ಲ.

"ಸಂಬಳ ಇಲ್ಲದವಳಿಗೆ ಯಾರು ಕೊಡ್ತಾರೆ ಕಾರ್ಡು?" ಅಂದರು.

"ಅಮ್ಮನ ಠೇವಣಿ ಇದೆಯಲ್ಲ ಸಾರ್, ಅದರ ಮೇಲೆ ಕೊಡ್ತೀವಿ" ಅಂದಳು ಬ್ಯಾಂಕಿನ ಹುಡುಗಿ. ಮಂಗಳಮ್ಮ ರವಿಕೆ ಹೊಲಿದು ಕೂಡಿಸಿ ಇಟ್ಟಿದ್ದ ಠೇವಣಿ ಅದು.

ಕಾರ್ಡು ಮನೆಗೆ ಬಂತು. ಶ್ರೀಕಂಠಯ್ಯ ಜೊತೆಗಿದ್ದ ಕಾಗದ ಓದಿ ಮೂಗು ಮುರಿದರು. "ನನ್ನ ಕಾರ್ಡಿನ ಹಾಗೆ ವಿಮಾನ ನಿಲ್ದಾಣದಲ್ಲಿ ಬಿಟ್ಟಿ ಊಟ ಇಲ್ಲವಲ್ಲೇ ಇದರಲ್ಲಿ!"

"ಬಿಟ್ಟಿ ಊಟ ನಿಮಗೆ ಮನೇಲೇ ಸಿಗ್ತಿದೆಯಲ್ರೀ."

ತಾನೇ ಚಂದಾ ಕಟ್ಟಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ದನಿ ಜೋರು ಮಾಡಿ, ಮಂಗಳಮ್ಮ ಹುರುಳಿಕಾಯಿಯ ನಾರು ತೆಗೆಯಲು ಕೂತಳು.